ಮಂಚದ ಕೆಳಗಿನ ಅಳ್ಳು

ವಿದ್ಯಾವತಿ ಮೊಣಕಾಲೂರಿ ಮಂಚದ ಕೆಳಗೆ ಬಗ್ಗಿದಳು. ಮೊಲ ಗೋಡೆಯ ಮೂಲೆಗೆ ಇನ್ನಷ್ಟು ಒತ್ತಿಕೊಂಡಿತು. ಪಂಚಮಿಗೆ ಹುರಿದ ಜೋಳದ ಅಳ್ಳಿನ ಹಾಗೆ ಬೆಳ್ಳಗೆ ಅರಳಿಕೊಂಡು ಕೂರುತ್ತದೆಂದು ಅವಳೇ ಅದಕ್ಕೆ ಅಳ್ಳು ಎಂದು ಹೆಸರಿಟ್ಟಿದ್ದಳು. ಈಗ ಅದು ಅರಳದೆ ಉಳಿದ ಕಾಳಿನ ಹಾಗೆ ಮುದುಡಿತ್ತು. "ಬಾರ ನನ್ನವ್ವಾ. ನಾ ಅದೇನಿ, ನೋಡ ಇಲ್ಲಿ," ಎಂದು ಹಕ್ಕರಕಿ ಸೊಪ್ಪಿನ ಎಸಳೊಂದನ್ನು ಮುಂದೆ ಚಾಚಿದಳು. ಅದರ ಮೂಗು ಅಲುಗುವುದೇ ನಿಂತುಹೋಯಿತು. ಆಮೇಲೆ ಹಿಂಗಾಲಿನಿಂದ ನೆಲಕ್ಕೆ ಧಪ್ಪೆಂದು ಒಂದು ಏಟು ಹಾಕಿತು. ಅಷ್ಟು ಸಣ್ಣ ಮೈಯಿಂದ ಅಂಥ ಸಪ್ಪಳ ಬರುತ್ತದೆಂದು ಮೊದಲು ಅವಳಿಗೆ ಗೊತ್ತಿರಲಿಲ್ಲ. ಅಪಾಯ ಬಂತೆಂದು ತನ್ನ ಜಾತಿಗೆಲ್ಲ ಸಾರುವ ಸಪ್ಪಳವಂತೆ. ಈ ಮನೆಯಲ್ಲಿ ಅದರ ಜಾತಿಯವರು ಯಾರೂ ಇರಲಿಲ್ಲ. ಅಪಾಯವೆಂದರೆ ವಿದ್ಯಾವತಿಯೇ.

ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದಳು. ಸೀರೆಗೆ ಹತ್ತಿದ ಧೂಳು ಝಾಡಿಸುವಾಗ ಹಲ್ಲು ಕಚ್ಚಿಕೊಂಡಿರುವುದು ತಿಳಿಯಿತು. ಮೊಲ ಹಿಂದೆ ಸರಿದಷ್ಟೂ ಕಲ್ಮೇಶನ ಮುಖ ಅವಳ ಕಣ್ಣೆದುರು ಮುಂದೆ ಬರುತ್ತಿತ್ತು. ಕಲ್ಮೇಶನೆಂದರೆ ಗಂಡನ ತಮ್ಮ. ಅವ್ವನೊಂದಿಗೆ, ಹೆಂಡತಿಯೊಂದಿಗೆ ಸಿಂದಗಿಯಲ್ಲಿರುವವನು, ಡ್ರಿಪ್ ಪೈಪಿನ ಕಂಪನಿಯ ಪರವಾಗಿ ಇಂಡಿ, ಬಾಗೇವಾಡಿ, ಮುದ್ದೇಬಿಹಾಳ ಎಂದು ಬೈಕಿನಲ್ಲಿ ಸುತ್ತುವವನು, ಹೋದಲ್ಲೆಲ್ಲ ನಾಲ್ಕು ಮಂದಿಯನ್ನು ನಗಿಸದೆ ಚಹಾ ಕುಡಿಯದವನು. ಅವನಿಲ್ಲದಿದ್ದರೆ ಮನೆಯಲ್ಲಿ ಹಬ್ಬಕ್ಕೆ ಕಳೆಯಿಲ್ಲ ಎಂದು ಎಲ್ಲರೂ ಅನ್ನುತ್ತಿದ್ದರು. ಅವಳೂ ಅಂದಿದ್ದಳು. ಆ ನೆನಪೇ ಅವಳಿಗೆ ನಾಚಿಕೆಯಾಗುವಂತಿತ್ತು. ಈ ಸಲದ ನಾಗರಪಂಚಮಿಯ ದಿನ ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಸಿಂದಗಿಯಿಂದ ಎಲ್ಲರೂ ಬಂದಿದ್ದರು. ತಂಬಿಟ್ಟು, ಅಳ್ಳು, ಉಸಳಿ ತಿಂದು ಕೈ ತೊಳೆಯುವ ಹೊತ್ತಿಗೆ ಕಲ್ಮೇಶ ಅಳ್ಳುವನ್ನು ಎರಡೂ ಕಿವಿ ಹಿಡಿದು ಎತ್ತಿದ್ದ. "ವರ್ಷಕ್ಕ ಒಮ್ಮೆ ಹಬ್ಬ ಬರ್ತೈತಿ, ಇದೂ ಜೋಕಾಲಿ ಆಡಲಿ ತಗೋ" ಎಂದು ಹಲಗೆಯ ಮೇಲಿಟ್ಟು ಜೋರಾಗಿ ತಳ್ಳಿದ್ದ. ಅಳ್ಳು ನಡುಗಾಳಿಯಲ್ಲಿ ಜಿಗಿಯಿತು. ಕಾಂಪೌಂಡ್ ಗೋಡೆಗೆ ಬಡಿದು ಬಿದ್ದು, ನೀರಿನ ಡ್ರಮ್ಮಿನ ಹಿಂದೆ ತೂರಿಕೊಂಡಿತು. ವಿದ್ಯಾವತಿ ಕಿರಿಚುತ್ತ ಓಡಿಹೋಗಿ, ನೆಲಕ್ಕೆ ಬಿದ್ದು, ಕೈಗೆ ಸಿಕ್ಕ ಹಿಂಗಾಲು ಹಿಡಿದು ಎಳೆದಳು. ಆಗ ಅದು ಕೂಗಿತು. ಮೊಲಕ್ಕೆ ದನಿ ಇದೆಯೆಂದು ಅವತ್ತಿನವರೆಗೆ ಆ ಹಿತ್ತಲಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಳೆಗೂಸು ಉಸಿರುಗಟ್ಟಿ ಅತ್ತ ಹಾಗಿತ್ತು ಆ ದನಿ. ತಳ್ಳಿದವನು ಕಲ್ಮೇಶ. ಆದರೆ ಕಾಲು ಹಿಡಿದು ಎಳೆದ ಕೈ ಅವಳದು, ಮೊಲ ನೆನಪಿಟ್ಟುಕೊಂಡದ್ದು ಆ ಕೈಯನ್ನು.

ಇಷ್ಟಕ್ಕೇ ಮುಗಿದಿದ್ದರೆ ಅವಳು ಮರೆಯುತ್ತಿದ್ದಳೋ ಏನೋ. ಕಲ್ಮೇಶನ ಹೆಂಡತಿ ರೇಣುಕಾ ಅದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದಳು. ಅದೇ ಸಂಜೆ ಮನೆಯವರ ಗ್ರೂಪಿನಲ್ಲಿ ಕಲ್ಮೇಶ 'ಮೊಲದ ಚಂದ್ರಯಾನ' ಎಂದು ಬರೆದು ಹಾಕಿದ. ಬೀಗರು, ಬೀಗರ ಬೀಗರು, ಬಾಗೇವಾಡಿಯ ಅವಳ ತವರಿನವರು ಕೂಡ ನಗುವ ಮುಖಗಳನ್ನು ಕಳಿಸಿದರು. ಮೊಲಕ್ಕಿಂತ ಹೆಚ್ಚು ಕಾಣುತ್ತಿದ್ದವಳು ಅವಳೇ: ಸೆರಗು ಜಾರಿ, ಕೂದಲು ಬಿಚ್ಚಿ, ನಾಲ್ಕು ಕಾಲಿನ ಮೇಲೆ ಡ್ರಮ್ಮಿನ ಹಿಂದೆ ತೂರಿಕೊಳ್ಳುವ ದಪ್ಪ ಹೆಂಗಸು. ಆಮೇಲೆ ಆ ಕೂಗು. ಕೂಗಿನ ಬೆನ್ನಿಗೇ, ಫೋನಿಗೆ ತೀರ ಹತ್ತಿರ, ಒಂದು ಗಂಡಸಿನ ನಗು. ಮೊದಲು ಕೆಮ್ಮಿನ ಹಾಗೆ ಎರಡು ಸಲ ತಡವರಿಸಿ ಆಮೇಲೆ ಬಿಚ್ಚಿಕೊಳ್ಳುವ ನಗು. ಮದುವೆಯಾದಾಗಿನಿಂದ ಗುರುತಿದ್ದ ನಗು. ಅವಳ ಗಂಡ ಅನಿಲ ರೇಣುಕಾಳ ಪಕ್ಕದಲ್ಲೇ ನಿಂತಿದ್ದ. ಬಟ್ಟೆ ಒಗೆಯುವಾಗ, ಅನ್ನಕ್ಕಿಡುವಾಗ, ಬಸ್ಸಿಗೆ ಕಾಯುವಾಗ ಅವಳು ಆ ವಿಡಿಯೋ ಹಾಕಿಕೊಂಡು, ಕಣ್ಣು ಮುಚ್ಚಿ, ಆ ನಗುವೊಂದನ್ನೇ ಕೇಳುತ್ತಿದ್ದಳು. ಹುಣ್ಣನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುವ ಹಾಗೆ.

"ಚಾ ಆತೇನು?" ಎಂದು ಬಚ್ಚಲಿನಿಂದ ಅನಿಲನ ದನಿ ಬಂತು. ಶನಿವಾರ, ಮಾಸ್ತರನಾದ ಅವನಿಗೆ ಬೆಳಗಿನ ಸಾಲಿ. ಅವಳು ಚಹಾ ಸೋಸಿ, ಕಪ್ಪನ್ನು ಸಪ್ಪಳವಾಗುವಂತೆ ಟೇಬಲ್ಲಿಗಿಟ್ಟು, ಊಟದ ಡಬ್ಬಿ ತಗೊಂಡು ಕೆಲಸಕ್ಕೆ ಹೊರಬಿದ್ದಳು. ಬಜಾರಿನ ದಾರಿಯಲ್ಲಿ ಆಟೋಗಳ ನಡುವೆ ನಡೆಯುವಾಗ ತನ್ನಷ್ಟಕ್ಕೆ ತಾನೇ ಯೋಜನೆ ಹಾಕುತ್ತಿದ್ದಳು. ಮುಂದಿನ ಸಲ ಕಲ್ಮೇಶ ಬಂದಾಗ ಚಹಾದಲ್ಲಿ ಹರಳೆಣ್ಣೆ. ಅವನ ಬೈಕಿನ ಟೈರಿಗೆ ಜಾಲಿಮುಳ್ಳು. ಅಥವಾ, ಅತ್ತೆ ಬಾಳಮ್ಮನ ಎದುರಿಗೆ, ರೇಣುಕಾಳ ಎದುರಿಗೆ, ಅವನ ಎರಡೂ ಕಿವಿ ಹಿಡಿದು ಮೇಲೆತ್ತಿ, "ಹ್ಯಾಂಗ ಅನಸ್ತೈತಿ?" ಎಂದು ಕೇಳುವುದು. ಈ ಕೊನೆಯದನ್ನು ನೆನೆಯುವಾಗ ಅವಳ ಬೆರಳುಗಳು ನಿಜವಾಗಿಯೂ ಮಡಚಿಕೊಳ್ಳುತ್ತಿದ್ದವು. ಎದುರಿಗೆ ಬಂದ ಯಾರೋ "ಯಾಕ್ರಿ, ಆರಾಮ ಇಲ್ಲೇನ್ರಿ?" ಎಂದರು. ದನದ ದವಾಖಾನೆಗೆ ಅಳ್ಳುವನ್ನು ಚೀಲದಲ್ಲಿ ಒಯ್ದ ದಿನವೂ ಹೀಗೇ. ಎಮ್ಮೆ, ಆಡು ಹಿಡಿದು ನಿಂತ ಮಂದಿಯೆಲ್ಲ ತಿರುಗಿ ನೋಡಿದ್ದರು. ಡಾಕ್ಟರು ಕಾಲು ಮುಟ್ಟಿ ನೋಡಿ ಎಲುಬು ಮುರಿದಿಲ್ಲ, ಉಳುಕಿದೆ ಅಷ್ಟೇ ಎಂದು ಹೇಳಿ, "ಹೆದರಿಕಿಗೆ ಮಾತ್ರ ನನ್ನ ಕಡೆ ಗುಳಿಗಿ ಇಲ್ಲ ನೋಡವಾ" ಎಂದಿದ್ದರು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕಿದ್ದರು. ಕಾಲೇನೋ ಒಂದು ವಾರದೊಳಗೆ ನೆಟ್ಟಗಾಯಿತು.

ಖಾಸಗಿ ದವಾಖಾನೆಯೊಂದರ ಲ್ಯಾಬಿನಲ್ಲಿ ಅವಳ ಕೆಲಸ. ರಕ್ತ ತೆಗೆಯುವುದರಲ್ಲಿ ಅವಳ ಕೈ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ನರ ಕಾಣದ ಮುದುಕಿಯರು, ಕೈಕಾಲು ಬಡಿಯುವ ಮಕ್ಕಳು, ಎಲ್ಲರೂ "ಆ ಅಕ್ಕನ ಕಡೆನ ಕಳಸ್ರಿ" ಎನ್ನುತ್ತಿದ್ದರು. ಜ್ವರದ ಕಾಲ, ಬೆಂಚಿನ ತುಂಬ ಮಂದಿ. ಜೊತೆಗಿದ್ದ ನಿಷತ ಚೀಟಿ ನೋಡಿ ಹೆಸರು ಕೂಗುತ್ತಿದ್ದಳು. ಅಳ್ಳು ಮರಿಯಾಗಿದ್ದಾಗ ಅದನ್ನು ತನ್ನ ಮನೆಯಿಂದ ತಂದುಕೊಟ್ಟವಳೂ ಅವಳೇ. ಮಧ್ಯಾಹ್ನ ಊಟದ ಹೊತ್ತು ದಾಟಿದ ಮೇಲೆ ನಿಷತ ಕೂಗಿದ ಹೆಸರು ಕೇಳಿ ವಿದ್ಯಾವತಿ ತಲೆ ಎತ್ತಿದಳು. ಬಾಗಿಲಲ್ಲಿ ಕಲ್ಮೇಶ ನಿಂತಿದ್ದ. ಕಣ್ಣುಗಳು ಕೆಂಪಾಗಿದ್ದವು, ಹೆಲ್ಮೆಟ್ಟನ್ನು ಎದೆಗೆ ಅವುಚಿ ಹಿಡಿದಿದ್ದ.

"ವೈನಿ, ನೀವ ಅದೀರಿ? ದೇವರ ಬಂದಂಗಾತು ನೋಡ್ರಿ," ಎಂದು ಬಂದು ಕುರ್ಚಿಯಲ್ಲಿ ಕುಸಿದ. "ಕಂಪನಿ ಕೆಲಸಕ್ಕ ಬಂದು ಲಾಡ್ಜಿನ್ಯಾಗ ಇಳದೇನಿ. ಬಜಾರದಾಗ ಅಂಗಡಿ ಮುಂದ ನಿಂತೇನಿ, ಒಮ್ಮೆಲೆ ಚಳಿ ಹತ್ತಿ ಬಿಡ್ತು. ಡಾಕ್ಟರ್ ರಕ್ತ ತೋರಿಸಂದ್ರು. ವೈನಿ, ನನಗ ಸೂಜಿ ಅಂದ್ರ..."

"ಗೊತ್ತೈತಿ," ಎಂದಳು. ಗೊತ್ತಿತ್ತು. ಸಾಲಿಯಲ್ಲಿ ಸೂಜಿ ಹಾಕುವವರು ಬಂದ ದಿನ ಅವನು ಹೊಲಕ್ಕೆ ಓಡಿಹೋಗುತ್ತಿದ್ದ ಕತೆಯನ್ನು ಬಾಳಮ್ಮ ಪ್ರತಿ ಹಬ್ಬಕ್ಕೂ ಹೇಳುತ್ತಿದ್ದಳು. ಎದೆಯೊಳಗೆ ಏನೋ ತಣ್ಣಗೆ, ಅಚ್ಚುಕಟ್ಟಾಗಿ ಕೂತುಕೊಂಡ ಹಾಗೆ ಆಯಿತು ಅವಳಿಗೆ. ಇಷ್ಟು ದಿನದ ಹರಳೆಣ್ಣೆ, ಜಾಲಿಮುಳ್ಳು ಎಲ್ಲ ಹುಡುಗಾಟ ಅನ್ನಿಸಿತು. ಅವನೇ ನಡೆದು ಬಂದು, ಅಂಗಿಯ ತೋಳು ಮಡಚಿ, ಕೈ ಚಾಚಿ ಕೂತಿದ್ದ. "ನಿಷತ, ನಿನ್ನ ಫೋನ್ ತಗಿಯವಾ," ಎಂದಳು, ದನಿಯಲ್ಲಿ ನಗು ತಂದುಕೊಂಡು. "ನಮ್ಮ ಮೈದುನ ಎಷ್ಟ ಧೈರ್ಯದಾಂವ ಅನ್ನೂದು ಮನಿ ಮಂದಿಗೆ ತೋರಸೂನು." ನಿಷತಳೂ ನಗುತ್ತ ಫೋನ್ ಹಿಡಿದಳು. "ಹಿಡೀರಿ, ಹಿಡೀರಿ, ನಾ ಏನ್ ಅಂಜೂದಿಲ್ಲ," ಎಂದ ಕಲ್ಮೇಶ, ಫೋನ್ ಕಂಡ ಕೂಡಲೇ ಮುಖಕ್ಕೆ ಹುಮ್ಮಸ್ಸು ತಂದುಕೊಂಡು.

ರಬ್ಬರ್ ಪಟ್ಟಿಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದಳು. ಅವನ ನರ ಹಗ್ಗದ ಹಾಗೆ ಉಬ್ಬಿ ಬಂತು. ಕಣ್ಣು ಮುಚ್ಚಿ ಚುಚ್ಚಿದರೂ ಸಿಗುವ ನರ. ಸ್ಪಿರಿಟ್ ಹಚ್ಚುವಾಗ ಚರ್ಮದ ಕಾವು ಬೆರಳಿಗೆ ತಾಗಿತು. ಜ್ವರ ಜೋರಿತ್ತು. ಅದನ್ನು ಅವಳು ಗಮನಿಸಿದಳು. ಗಮನಿಸಿಯೂ ಸೂಜಿಯನ್ನು ನರದ ಪಕ್ಕಕ್ಕೆ ಇಳಿಸಿದಳು. "ಅಯ್ಯ, ಸಿಗವಲ್ದು," ಎಂದು ಒಳಗೇ ಅತ್ತ ಇತ್ತ ತಿರುಗಿಸಿದಳು. ಕಲ್ಮೇಶ "ಅವ್ವಾ!" ಎಂದು ಚೀರಿದ. ಬೆಂಚಿನ ಮಂದಿ ಕತ್ತು ಉದ್ದ ಮಾಡಿದರು. "ವೈನಿ, ಬಿಡ್ರಿ, ನಿಮ್ಮ ಕಾಲ ಬೀಳ್ತೇನಿ, ಬಿಡ್ರಿ!" ಇನ್ನೊಂದು ಕೈಯಿಂದ ಅವಳ ಸೆರಗನ್ನು ಹಿಡಿದುಕೊಂಡ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಆ ನಗು ಅವಳ ಬೆನ್ನಿಗೆ ಬಿಸಿಲಿನ ಹಾಗೆ ಹಿತವಾಗಿ ತಾಗಿತು. ಇನ್ನೂ ಸ್ವಲ್ಪ, ಇನ್ನೂ ಒಂದೇ ಸಲ ಎಂದುಕೊಳ್ಳುತ್ತಿರುವಾಗ ಅವನ ತಲೆ ಒಂದು ಪಕ್ಕಕ್ಕೆ ವಾಲಿತು, ತುಟಿ ಬೆಳ್ಳಗಾಯಿತು. ಅವಳು ಸೂಜಿಯನ್ನು ಒಂದು ಕೂದಲೆಳೆಯಷ್ಟು ಸರಿಸಿದಳು. ರಕ್ತ ಸಲೀಸಾಗಿ ಬಂತು.

ಅವನನ್ನು ಬೆಂಚಿನ ಮೇಲೆ ಮಲಗಿಸಿ, ಮುಖಕ್ಕೆ ನೀರು ಹಾಕಿ, ಸಕ್ಕರೆ ನೀರು ಕುಡಿಸಿದರು. ಎಚ್ಚರಾದ ಮೇಲೆ ಯಾರ ಮುಖವನ್ನೂ ನೋಡದೆ ಹತ್ತಿಯನ್ನು ಒತ್ತಿಕೊಂಡು ಮಲಗಿದ್ದ. ವಿದ್ಯಾವತಿ ನಿಷತಳ ಫೋನಿನಿಂದ ವಿಡಿಯೋ ತನ್ನದಕ್ಕೆ ತರಿಸಿಕೊಂಡಳು. ಅಲ್ಲೇ ನಿಂತು ಅದನ್ನು ಮನೆಯವರ ಗ್ರೂಪಿಗೆ ಹಾಕಿದಳು. ನಿಷತ ಬಾಟಲಿಗಳ ಮೇಲೆ ಹೆಸರು ಅಂಟಿಸುತ್ತಿದ್ದವಳು, ತಲೆ ಎತ್ತದೆಯೇ, "ಅಕ್ಕಾ," ಎಂದಳು. "ಅಷ್ಟ ಚೊಲೋ ನರ ಇತ್ತಲ್ರಿ. ನಿಮ್ಮ ಕೈ ಎಂದೂ ತಪ್ಪಿದ್ದಿಲ್ಲ."

"ಅಂವ ಕೈ ಜಗ್ಗಿದಾ."

"ನಾ ವಿಡಿಯೋ ಮಾಡಾಕತ್ತಿದ್ದೆರಿ," ಎಂದಳು ನಿಷತ. ಅಷ್ಟೇ. ಆಮೇಲೆ ಮುಂದಿನ ಹೆಸರು ಕೂಗಿದಳು.

ಕೆಲಸ ಮುಗಿಸಿ ಮನೆಗೆ ನಡೆಯುವಾಗ ಪರ್ಸಿನೊಳಗೆ ಫೋನು ಒಂದೇ ಸಮನೆ ಗುಂಯ್ಗುಡುತ್ತಿತ್ತು. ಅವಳು ಬೇಕೆಂದೇ ತೆಗೆಯಲಿಲ್ಲ. ಬಾಯಲ್ಲಿಟ್ಟುಕೊಂಡ ಬೆಲ್ಲವನ್ನು ಕಡಿಯದೆ ಹಾಗೇ ಇಟ್ಟುಕೊಂಡ ಹಾಗೆ ತಡೆದುಕೊಂಡಳು. ಕಲ್ಮೇಶ ಈಗ ಆ ಲಾಡ್ಜಿನ ಕೋಣೆಯಲ್ಲಿ ಒಬ್ಬನೇ ಮಲಗಿ ಅದನ್ನೆಲ್ಲ ಓದುತ್ತಿರಬೇಕು, ಗೋಡೆಗೆ ಮುಖ ಮಾಡಿಕೊಂಡಿರಬೇಕು. ಮೆಂತೆ ಸೊಪ್ಪಿನ ಗಾಡಿಯ ಹತ್ತಿರ ನಿಂತು ಕೊನೆಗೆ ತೆಗೆದು ನೋಡಿದಳು. ನಗುವ ಮುಖಗಳ ಸಾಲು. ಎಲ್ಲಕ್ಕಿಂತ ಮೇಲೆ ಕಲ್ಮೇಶನೇ ಬರೆದಿದ್ದ: 'ನಮ್ಮ ವೈನಿ ಸೂಜಿ ಹಿಡದ್ರ ಹುಲಿ! ನಾ ಅವ್ವಾ ಅಂದದ್ದು ಸಿಂದಗಿತನಾ ಕೇಳಿಸೈತಿ!' ಅದರ ಕೆಳಗೆ ಬಾಳಮ್ಮನ ದನಿ, ನಗುತ್ತಲೇ ಗಾಬರಿಪಡುತ್ತ: "ಏ ವಿದ್ಯಾ, ಆ ಭಾಡ್ಯಾಗ ಮನಿಗೆ ಕರಕೊಂಡ ಹೋಗಿ ಗಂಜಿ ಹಾಕವಾ." ಅವನಿಗೆ ಏನೂ ತಾಗಿರಲಿಲ್ಲ. ಅವಳು ಇಷ್ಟು ದಿನ ಮಸೆದು ಮಸೆದು ಇಟ್ಟಿದ್ದನ್ನು ಅವನು ತನ್ನ ಇನ್ನೊಂದು ನಗೆಚಾಟಿಕೆ ಮಾಡಿಕೊಂಡು ಕಿಸೆಗೆ ಹಾಕಿಕೊಂಡಿದ್ದ. ನಗಿಸುವುದೊಂದೇ ಬೇಕಾದವನಿಗೆ ತನ್ನ ಮೇಲೆ ನಕ್ಕರೂ ನಡೆಯುತ್ತದೆ. ಅವಳಿಗೆ ಆ ವಿದ್ಯೆ ಇರಲಿಲ್ಲ. ಗಾಡಿಯವನು "ಎಷ್ಟ ಸಿವುಡು ಬೇಕ್ರಿ?" ಎಂದು ಕೇಳುತ್ತಲೇ ಇದ್ದ. ಅವಳು ಏನೂ ಕೊಳ್ಳದೆ ನಡೆದಳು. ಮೂಗಿನ ಹತ್ತಿರ ಕೈ ತಂದರೆ ಸ್ಪಿರಿಟ್ ವಾಸನೆ.

ಬಾಗಿಲನ್ನು ಚಿಲಕ ಹಾಕದೆ ಸುಮ್ಮನೆ ಮುಂದೆ ಮಾಡಿತ್ತು. ತಳ್ಳಿ ಒಳಗೆ ಕಾಲಿಟ್ಟವಳು ಹಾಗೇ ನಿಂತಳು. ಪಡಸಾಲೆಯ ನೆಲದ ಮೇಲೆ ಅನಿಲ ಚಕ್ಕಳಮಕ್ಕಳ ಹಾಕಿ ಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದ. ಅವನ ತೊಡೆಗೆ ಮೈ ತಾಗಿಸಿ, ನಾಲ್ಕೂ ಕಾಲು ಚೆಲ್ಲಿ, ಅಳ್ಳು ಮಲಗಿತ್ತು. ಕಿವಿಗಳು ಬೆನ್ನಿನ ಮೇಲೆ ಸಡಿಲವಾಗಿ ಬಿದ್ದಿದ್ದವು. ಕಣ್ಣು ಅರೆ ಮುಚ್ಚಿತ್ತು. ಯಾರದೋ ಗಣಿತದ ಪೇಪರಿನ ತುದಿಯನ್ನು ಅದು ಆಗಲೇ ಅರ್ಧಚಂದ್ರದ ಹಾಗೆ ತಿಂದಿತ್ತು. ಅನಿಲ ತಲೆ ಎತ್ತಿ ಅವಳನ್ನು ನೋಡಿ, ಕೆಂಪು ಪೆನ್ನನ್ನು ತುಟಿಗೆ ಅಡ್ಡ ಹಿಡಿದು, "ಶ್..." ಎಂದ.

ಶ್ ಎಂದ. ಅವಳಿಗೆ. ದಿನಾ ಬೆಳಿಗ್ಗೆ ಮೊಣಕಾಲೂರಿದವಳು ಅವಳು, ಬಜಾರ ಸುತ್ತಿ ಎಳೆ ಹಕ್ಕರಕಿ, ಎಳೆ ಗಜ್ಜರಿ ಆರಿಸಿ ತಂದವಳು ಅವಳು, ಅದು ಮೂಗು ಅಲುಗಿಸದೆ ಕೂತಾಗಲೆಲ್ಲ ಅಡುಗೆಮನೆಯಲ್ಲಿ ನಿಂತು ಅತ್ತವಳು ಅವಳು. ಮತ್ತು ಅದು ಹೋಗಿ ಒರಗಿದ್ದು ಯಾರಿಗೆ? ಅದು ಚೀರಿದಾಗ ನಕ್ಕವನಿಗೆ. ಆಗ ಎದ್ದ ಉರಿ ಕಲ್ಮೇಶನ ಮೇಲಿನದಾಗಿರಲಿಲ್ಲ, ಪೂರ್ತಿ ಅನಿಲನ ಮೇಲಿನದೂ ಆಗಿರಲಿಲ್ಲ. ಅದು ನೆಲದ ಮೇಲೆ ಚೆಲ್ಲಿಕೊಂಡ ಆ ಬಿಳಿ ಮೈಯ ಕಡೆಗೇ ತಿರುಗಿತ್ತು, ಆ ಅರೆಮುಚ್ಚಿದ ಕಣ್ಣಿನ ಕಡೆಗೆ. ಹಾಗೆ ತಿರುಗಿದ್ದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ತಿಳಿದೂ ಎರಡೂ ಕೈಯೆತ್ತಿ, ಶಕ್ತಿಯೆಲ್ಲ ಹಾಕಿ, ಫಟ್ಟೆಂದು ಚಪ್ಪಾಳೆ ಹೊಡೆದಳು.

ಅಳ್ಳು ಪೇಪರುಗಳ ಮೇಲೆ ಜಾರಿ, ಬಾಗಿಲ ಚೌಕಟ್ಟಿಗೆ ಬಡಿದುಕೊಂಡು, ಒಳಗೋಡಿತು. ಮಂಚದ ಕೆಳಗಿನಿಂದ ಧಪ್, ಧಪ್ ಎಂದು ಹಿಂಗಾಲಿನ ಏಟು ಕೇಳತೊಡಗಿತು.

"ಏನ್ ಮಾಡಿದಿ ಇದು?" ಎಂದ ಅನಿಲ.

"ನಗ್ರಿ," ಎಂದಳು. ಅವಳ ಅಂಗೈಗಳು ಉರಿಯುತ್ತಿದ್ದವು. "ನಗ್ರಿ ಈಗ. ಯಾಕ ಸುಮ್ಮನಾದ್ರಿ?"

ಅವನು ನಗಲಿಲ್ಲ. ಚೆದುರಿದ ಪೇಪರುಗಳನ್ನು ಒಂದೊಂದಾಗಿ ಕೂಡಿಸಿಕೊಂಡ. "ನಾ ಕರದಿಲ್ಲ ಅದನ್ನ," ಎಂದ ಮೆಲ್ಲಗೆ. "ನನ್ನ ಪಾಡಿಗೆ ತಿದ್ದಾಕತ್ತಿದ್ದೆ. ಅದ ಬಂತು."

ಇದಕ್ಕಿಂತ ಅವನು ಬೈದಿದ್ದರೆ ಆಗುತ್ತಿತ್ತು. ಅವಳು ಬಾಗಿಲಿಗೆ ಒರಗಿ ನಿಂತಲ್ಲೇ ಕುಕ್ಕರಿಸಿದಳು. "ಕಲ್ಮೇಶಗ ನಾ ಬೇಕಂತ ಚುಚ್ಚೇನಿ," ಎಂದಳು. "ನರ ಕಾಣತಿತ್ತು. ಬೇಕಂತ ತಪ್ಪಸೇನಿ. ಒಳಗ ತಿರುವೇನಿ."

ಅನಿಲ ಕೆಂಪು ಪೆನ್ನನ್ನು ಕೆಳಗಿಟ್ಟ. "ಜ್ವರದಾಗ ಇದ್ದಾಂವಗ?"

"ಹೌದು, ಜ್ವರದಾಗ ಇದ್ದಾಂವಗ."

"ನಾ ಆ ವಿಡಿಯೋ ನೋಡಿ..." ಎಂದು ಶುರುಮಾಡಿದವನು ನಿಲ್ಲಿಸಿದ.

"ನಕ್ರಿ. ಅದನ್ನ ನೋಡೀನೂ ನಕ್ರಿ."

"ಹೂಂ." ಅವನ ಮುಖ ಸಣ್ಣದಾಯಿತು. "ಅವತ್ತ ಯಾಕ ನಕ್ಕೆ ಅಂತ ಕೇಳಿದ್ರ ನನಗ ಹೇಳಾಕ ಬರಂಗಿಲ್ಲ ವಿದ್ಯಾ. ಎಲ್ಲಾರೂ ನಗಾಕತ್ತಿದ್ರು. ಬಾಯಿ ತಾನ ತೆರೀತು. ನೀ ಹೊಳ್ಳಿ ನೋಡಿದಿ, ಆಗ ಮುಚ್ಚಬೇಕಂದೆ, ಆಗಲಿಲ್ಲ." ಪೇಪರಿನ ಕಟ್ಟನ್ನು ತೊಡೆಯ ಮೇಲೆ ಕುಟ್ಟಿ ಸಮ ಮಾಡಿದ. "ಕಲ್ಮೇಶಂದಾತು. ಮುಂದ ನನ್ನ ಪಾಳಿ ಏನು?"

"ನಿಮ್ಮ ಪಾಳಿ ಈಗ ಆತಲ್ಲ," ಎಂದಳು ವಿದ್ಯಾವತಿ, ಉರಿಯುವ ಅಂಗೈ ನೋಡಿಕೊಳ್ಳುತ್ತ. "ನಿಮಗ ಬಡಿಯೂದು ಅದಕ್ಕ ಬಡೀತು."

ಅವನು ಎದ್ದು, ಬೈಕಿನ ಚಾವಿ ತಗೊಂಡು, ಚಪ್ಪಲಿ ಮೆಟ್ಟಿದ. "ಅಂವಗ ಕರಕೊಂಡ ಬರ್ತೇನಿ. ಲಾಡ್ಜಿನ್ಯಾಗ ಒಬ್ಬಾವನ ಬಿದ್ದಾನ. ನಿನಗ ಬ್ಯಾಡಂದ್ರ ಹೇಳು, ಸಿಂದಗಿ ಬಸ್ಸಿಗೆ ಹತ್ತಿಸಿ ಬರ್ತೇನಿ." ಅವಳು ಬರಲಿ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಅವನು ಬಾಗಿಲು ಮುಂದೆ ಮಾಡಿಕೊಂಡು ಹೋದ.

ಬೈಕಿನ ಸಪ್ಪಳ ಓಣಿಯ ತಿರುವಿನಲ್ಲಿ ಕರಗಿತು. ಕೋಣೆಯಲ್ಲಿ ಇಳಿಬಿಸಿಲು ಕಿಟಕಿಯ ಸರಳುಗಳನ್ನು ನೆಲದ ಮೇಲೆ ಚಾಚಿತ್ತು. ಅವಳು ಸೋಪು ಹಾಕಿ ಕೈ ತೊಳೆದಳು, ಮತ್ತೊಮ್ಮೆ ತೊಳೆದಳು. ಆಮೇಲೆ ಮಂಚದ ಪಕ್ಕ ನೆಲದ ಮೇಲೆ ಹಾಗೇ ಮೈ ಚೆಲ್ಲಿದಳು. ಸೊಪ್ಪು ತಂದಿರಲಿಲ್ಲ. ಬಾ ಎನ್ನುವ ಬಾಯಿ ಇರಲಿಲ್ಲ. ಕಾಲು ಎಳೆದ ಕೈ, ಸೂಜಿ ತಿರುವಿದ ಕೈ, ಚಪ್ಪಾಳೆ ಹೊಡೆದ ಕೈ ಮಂಚದ ಕೆಳಗಿನ ನೆರಳಿನೊಳಗೆ ಅಂಗೈ ಮೇಲಾಗಿ ಬಿದ್ದಿತ್ತು. ತನ್ನದಲ್ಲದ ವಸ್ತುವೊಂದನ್ನು ಅಲ್ಲಿ ಮರೆತು ಬಂದ ಹಾಗಿತ್ತು ಅದು. ತಾನು ಕಾಯುತ್ತಿಲ್ಲ ಎಂದುಕೊಂಡಳು. ಹಾಗೆ ಅಂದುಕೊಳ್ಳುವುದೂ ಕಾಯುವುದೇ ಅಲ್ಲವೇ ಎನ್ನಿಸಿ ಅದನ್ನೂ ಬಿಟ್ಟಳು. ಯಾರ ಮೇಲೂ ಯೋಜನೆ ಹಾಕುವ ಕಸುವು ಉಳಿದಿರಲಿಲ್ಲ. ಹಿಂಗಾಲಿನ ಏಟುಗಳ ನಡುವಿನ ಅಂತರ ಹೆಚ್ಚುತ್ತ ಹೋಯಿತು, ಕೊನೆಗೆ ನಿಂತಿತು. ಸರಳುಗಳ ನೆರಳು ಗೋಡೆ ಹತ್ತಿತು. ಅವಳಿಗೆ ಮಂಪರು ಹತ್ತಿದ ಹಾಗಾಗಿತ್ತು. ಬೆರಳಿಗೆ ಬಿಸಿ ಉಸಿರು ತಾಗಿದಾಗ ಮೊದಲು ಅದು ಕನಸಿರಬೇಕೆಂದುಕೊಂಡಳು.

ಅಳ್ಳು ಅವಳ ಬೆರಳುಗಳನ್ನು ಒಂದೊಂದಾಗಿ ಮೂಸಿತು. ಹೆಬ್ಬೆರಳಿನ ಹತ್ತಿರ ನಿಂತಿತು. ಆಮೇಲೆ, ಯಾವ ಅವಸರವೂ ಇಲ್ಲದೆ, ಹೆಬ್ಬೆರಳಿನ ಬುಡದ ಮಾಂಸವನ್ನು ಬಾಯಿಗೆ ತೆಗೆದುಕೊಂಡು ಕಚ್ಚಿತು. ಸೊಪ್ಪು ಎಂದು ತಪ್ಪಿ ಕಚ್ಚಿದ್ದಲ್ಲ. ಹಲ್ಲು ಚರ್ಮದೊಳಗೆ ಇಳಿಯುವುದು, ಇಳಿದು ನಿಲ್ಲುವುದು ಅವಳಿಗೆ ತಿಳಿಯಿತು. ಅಳ್ಳು ಮನೆಗೆ ಬಂದಾಗಿನಿಂದ ಯಾರನ್ನೂ ಕಚ್ಚಿರಲಿಲ್ಲ. ನೋವು ಮೊಣಕೈಯವರೆಗೆ ಝಗ್ಗೆಂದು ಹತ್ತಿತು, ಕಣ್ಣಲ್ಲಿ ನೀರು ಬಂತು. ಕೈ ಹಿಂದಕ್ಕೆಳೆದುಕೊಳ್ಳಲು ಮೈಯೆಲ್ಲ ಸೆಟೆದು ಎದ್ದಿತು. ಎಳೆದುಕೊಳ್ಳಲಿಲ್ಲ. ತುಟಿ ಕಚ್ಚಿ ಹಿಡಿದಳು. "ಹೂಂ," ಎಂದಳು ಉಸಿರಿನಲ್ಲೇ. "ಹೂಂ, ಕಚ್ಚು."

ಅದು ಬಾಯಿ ಬಿಟ್ಟಿತು. ಓಡಿಹೋಗಲಿಲ್ಲ. ಅಲ್ಲೇ ಕೂತು ಮುಂಗಾಲುಗಳಿಂದ ಮೀಸೆ ಒರೆಸಿಕೊಂಡಿತು, ಒಂದು ಕಿವಿಯನ್ನು ಕೆಳಗೆ ಎಳೆದು ನೆಕ್ಕಿಕೊಂಡಿತು, ಅವಳು ಅಲ್ಲಿ ಇದ್ದಾಳೋ ಇಲ್ಲವೋ ಎನ್ನುವ ಹಾಗೆ. ಅವಳ ಅಂಗೈಯಲ್ಲಿ ರಕ್ತ ಸಣ್ಣ ಹನಿಯಾಗಿ ತುಂಬಿ, ಮಣಿಕಟ್ಟಿನ ಕಡೆ ಹರಿಯಿತು. ಆಮೇಲೆ ಅಳ್ಳು ಒಂದು ಹೆಜ್ಜೆ ಮುಂದಿಟ್ಟು ಅವಳ ಮುಂಗೈಯ ಮೇಲೆ ಎದೆಯ ಭಾರ ಹಾಕಿ ಕೂತಿತು. ಹತ್ತಿಯಷ್ಟು ಭಾರ. ಅದರ ಎದೆ ಇನ್ನೂ ಜೋರಾಗಿ ಬಡಿಯುತ್ತಿತ್ತು, ಆದರೆ ಮೂಗು ಅಲುಗುತ್ತಿತ್ತು.

ಹೊರಗೆ ಬೈಕು ಬಂದು ನಿಂತಿತು. ಕಲ್ಮೇಶನ ಕೆಮ್ಮು, ಅನಿಲ ಏನೋ ಹೇಳಿದ್ದು, ಮೆಟ್ಟಿಲ ಮೇಲೆ ಎಡವಿದ ಸಪ್ಪಳ. ಅಳ್ಳುವಿನ ಕಿವಿಗಳು ನೆಟ್ಟಗಾದವು, ಮೈ ಬಿಗಿಯಿತು. "ವೈನಿ," ಎಂದು ಕಲ್ಮೇಶ ಬಾಗಿಲಿನಿಂದ ಕರೆದ; ಜ್ವರದಲ್ಲಿ ಅವನ ದನಿ ಗುರುತೇ ಸಿಗುವಂತಿರಲಿಲ್ಲ. "ವೈನಿ, ಒಳಗ ಬರ್ಲ್ಯಾ?"

ವಿದ್ಯಾವತಿ ತಲೆ ಎತ್ತಲಿಲ್ಲ, ಕೈ ಅಲುಗಿಸಲಿಲ್ಲ. ತನ್ನ ದನಿ ಎಷ್ಟು ಮೆತ್ತಗೆ ಬರಬಹುದೋ ಅಷ್ಟು ಮೆತ್ತಗೆ, ಮಂಚದ ಕೆಳಗಿನ ಕತ್ತಲೆಗೂ ಬಾಗಿಲಿನವನಿಗೂ ಒಟ್ಟಿಗೇ ಕೇಳುವ ಹಾಗೆ ಅಂದಳು:

"ಬಾ. ಸಪ್ಪಳ ಮಾಡಬ್ಯಾಡ. ಮೆಲ್ಲಕ ಬಾ."